ಹಾಳೆಗೆ ಅಂಟಿದ ಕಾಡು

1976ರಲ್ಲಿ ಪ್ರಕಟವಾದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್, ಕರ್ನಾಟಕ’ ಎಂಬ ಗ್ರಂಥವು ಒಂದೇ ಜಿಲ್ಲೆಯ ಸಸ್ಯಗಳನ್ನು ಕುರಿತದ್ದಾದರೂ, ಕರ್ನಾಟಕದ ಸಸ್ಯಶಾಸ್ತ್ರದ ಇತಿಹಾಸದಲ್ಲಿ ಅದರ ಸ್ಥಾನ ಜಿಲ್ಲೆಯ ಎಲ್ಲೆಯನ್ನು ಮೀರಿದ್ದು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರೂ ಜೆಸ್ಯೂಟ್ ಪಾದ್ರಿಗಳೂ ಆಗಿದ್ದ ಸೆಸಿಲ್ ಜೆ. ಸಲ್ಡಾನ ಅವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ಎಚ್. ನಿಕೋಲ್ಸನ್ ಅವರೊಡನೆ ಸೇರಿ ಹೊರತಂದ ಈ ಗ್ರಂಥದಲ್ಲಿ ಒಂದು ಗಿಡ ಸಕಲೇಶಪುರದ ಘಟ್ಟದಲ್ಲಿದೆ ಎಂದು ಬರೆದಿದ್ದರೆ, ಆ ಮಾತಿನ ಹಿಂದೆ ಅಲ್ಲಿಂದ ತಂದು, ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಸಂಖ್ಯೆ ಹಾಕಿ ಕಪಾಟಿನಲ್ಲಿಟ್ಟ ನಿಜವಾದ ಗಿಡವೊಂದು ಇರುತ್ತದೆ. ಹಾಸನ ಫ್ಲೋರಾ ಯೋಜನೆಯ ಇಂಗ್ಲಿಷ್ ಮೊದಲಕ್ಷರಗಳಾದ ‘ಎಚ್‌ಎಫ್‌ಪಿ’ ಎಂಬ ಗುರುತು ಹೊತ್ತ ಆ ಸಂಖ್ಯೆಗಳು ಸಂಶೋಧನಾ ಲೇಖನಗಳಲ್ಲಿ ಇಂದಿಗೂ ಸಾಕ್ಷಿಯಾಗಿ ಬರುತ್ತಿವೆ. ಮುಂದೆ ಇಡೀ ರಾಜ್ಯಕ್ಕೆ ಹರಡಿಕೊಂಡ ಆ ಕೆಲಸದ ಫಲವಾಗಿ ‘ಫ್ಲೋರಾ ಆಫ್ ಕರ್ನಾಟಕ’ದ ಮೊದಲ ಸಂಪುಟ 1984ರಲ್ಲಿಯೂ ಎರಡನೆಯದು 1996ರಲ್ಲಿಯೂ ಹೊರಬಂದವು. ಪುಸ್ತಕದ ಪ್ರತಿ ಯಾವುದಾದರೂ ಗ್ರಂಥಾಲಯದಲ್ಲಿ ಸಿಕ್ಕೀತು. ಆ ಪುಸ್ತಕಗಳಿಗೆ ಆಧಾರವಾದ ಮೂಲ ಸಂಗ್ರಹ ಇರುವುದು ಒಂದೇ ಕಡೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ‘ಹರ್ಬೇರಿಯಂ ಜೆಸಿಬಿ’ಯಲ್ಲಿ. ಜೆಸಿಬಿ ಎಂದೊಡನೆ ಮಣ್ಣೆತ್ತುವ ಹಳದಿ ಯಂತ್ರವನ್ನು ನೆನೆಯುವ ಓದುಗರು ಇದು ಜೋಸೆಫ್ಸ್ ಕಾಲೇಜಿನ ದಿನಗಳಿಂದ ಉಳಿದುಬಂದ ಅಂತರರಾಷ್ಟ್ರೀಯ ಸಂಕೇತವೆಂದು ತಿಳಿಯಬೇಕು. ಸಂಗ್ರಹ ಮನೆ ಬದಲಿಸಿದರೂ ಸಂಕೇತ ಬದಲಾಗಲಿಲ್ಲ, ಏಕೆಂದರೆ ಹಳೆಯ ಲೇಖನಗಳಲ್ಲಿ ಹಾಳೆಗಳ ವಿಳಾಸವೆಂದು ಅಚ್ಚಾಗಿರುವುದು ಅದೇ.

ಹರ್ಬೇರಿಯಂ ಎಂದರೆ ಒಣಗಿಸಿದ ಸಸ್ಯಮಾದರಿಗಳ ಕ್ರಮಬದ್ಧ ಸಂಗ್ರಹ. ಅದನ್ನು ಕಟ್ಟುವ ವಿಧಾನ ಹದಿನಾರನೆಯ ಶತಮಾನದ ಇಟಲಿಯದು. ಬೊಲೋನ್ಯ ಮತ್ತು ಪೀಸಾ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುತ್ತಿದ್ದ ಲೂಕಾ ಗೀನಿ ಎಂಬ ವೈದ್ಯನಿಗೆ ಅದರ ಕೀರ್ತಿ ಸಲ್ಲುತ್ತದೆ. ಚಳಿಗಾಲದಲ್ಲಿ ತೋಟ ಬರಿದಾದಾಗಲೂ ವಿದ್ಯಾರ್ಥಿಗಳಿಗೆ ಗಿಡ ತೋರಿಸಬೇಕಾದ ಅಧ್ಯಾಪಕನ ಅಗತ್ಯಕ್ಕೆ ಒದಗಿದ ಉಪಾಯ ಅದು; ಹೀಗಾಗಿ ಹರ್ಬೇರಿಯಂ ವಿಶ್ವವಿದ್ಯಾಲಯಕ್ಕೆ ಹೊರಗಿನಿಂದ ಬಂದ ವಸ್ತುವಲ್ಲ, ತರಗತಿಯಲ್ಲೇ ಹುಟ್ಟಿದ್ದು. ಆರಂಭದಲ್ಲಿ ಒಣಗಿಡಗಳನ್ನು ಪುಸ್ತಕದಂತೆ ಹೊಲಿದು ಇಡುತ್ತಿದ್ದರು. ಸ್ವೀಡನ್ನಿನ ಲಿನೇಯಸ್ ಬಿಡಿ ಹಾಳೆಗಳನ್ನು ಕಪಾಟಿನ ಅರೆಗಳಲ್ಲಿಡುವ ಪದ್ಧತಿಗೆ ಬಲ ಕೊಟ್ಟ. ಹೆಸರು ಬದಲಾದಾಗ, ಹೊಸ ಮಾದರಿ ಬಂದಾಗ, ಹಾಳೆಯನ್ನು ಎತ್ತಿ ಬೇರೆಡೆ ಇಡುವ ಅನುಕೂಲ ಅದರಲ್ಲಿತ್ತು. ಇಂದು ಜಗತ್ತಿನ ಸುಮಾರು ಮೂರೂವರೆ ಸಾವಿರ ಹರ್ಬೇರಿಯಂಗಳಲ್ಲಿ ಒಟ್ಟು 39 ಕೋಟಿಗೂ ಹೆಚ್ಚು ಮಾದರಿಗಳಿವೆ ಎಂದು ಅಂದಾಜಿದ್ದು, ಅವೆಲ್ಲವೂ ಹೆಚ್ಚುಕಡಿಮೆ ಅದೇ ಬಿಡಿ ಹಾಳೆಯ ಪದ್ಧತಿಯಲ್ಲಿವೆ.

ಮಾದರಿ ಸಿದ್ಧಪಡಿಸುವ ಕೆಲಸ ನೋಡಲು ಸರಳ. ಹೂವೋ ಕಾಯಿಯೋ ಇರುವ ರೆಂಬೆಯನ್ನು ಹಳೆಯ ದಿನಪತ್ರಿಕೆಗಳ ನಡುವೆ ಹರಡಿ, ಮರದ ಪಟ್ಟಿಗಳ ಪ್ರೆಸ್ಸಿನಲ್ಲಿ ಬಿಗಿದು, ದಿನವೂ ಕಾಗದ ಬದಲಿಸುತ್ತ ತೇವ ತೆಗೆಯಬೇಕು. ಒಣಗಿದ ಮೇಲೆ ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ದಪ್ಪ ಹಾಳೆಗೆ ಅಂಟಿಸಿ, ಗಟ್ಟಿ ಕಡ್ಡಿಗಳನ್ನು ದಾರದಿಂದ ಹೊಲಿದು, ಬಲಗಡೆಯ ಕೆಳಮೂಲೆಯಲ್ಲಿ ಚೀಟಿ ಹಚ್ಚಬೇಕು. ಆದರೆ ಪಶ್ಚಿಮ ಘಟ್ಟದ ಮಳೆಯಲ್ಲಿ ಇದೇ ಕೆಲಸ ಹರಸಾಹಸವಾಗುತ್ತದೆ. ಬಹಳಷ್ಟು ಗಿಡಗಳು ಹೂ ಬಿಡುವುದೇ ಜಡಿಮಳೆಯ ತಿಂಗಳುಗಳಲ್ಲಿ. ಒಣಹಾಕಿದ ಕಾಗದವೇ ಒಣಗದಿರುವಾಗ ಎಲೆಗಳು ಕಪ್ಪಾಗಿ, ಬೂಷ್ಟು ಹಿಡಿದು, ಗಂಟುಗಂಟಿನಿಂದ ಕಳಚಿ ಬೀಳುತ್ತವೆ. ಇಂಪೇಷನ್ಸ್ ಕುಲದ ಗೌರಿಹೂಗಳಂಥ ಸಸ್ಯಗಳ ತೆಳು ನೀರುದಳಗಳಂತೂ ಒತ್ತಿದೊಡನೆ ಆಕಾರ ಕಳೆದುಕೊಳ್ಳುವುದರಿಂದ, ಹೂವಿನ ಭಾಗಗಳನ್ನು ಸ್ಥಳದಲ್ಲೇ ಬಿಡಿಸಿ ಪ್ರತ್ಯೇಕವಾಗಿ ಒತ್ತಿಡದಿದ್ದರೆ ಮುಂದೆ ಆ ಪ್ರಭೇದವನ್ನು ಗುರುತಿಸುವುದೇ ಕಷ್ಟ. ಹಲವು ವರ್ಷಗಳಿಗೊಮ್ಮೆ ಮಾತ್ರ ಹೂ ಬಿಡುವ ಗುರಿಗೆಯಂಥ ಗಿಡಗಳಲ್ಲಿ ಹೂವಿರುವ ಒಂದು ಹಾಳೆ ತಪ್ಪಿಹೋದರೆ ಮುಂದಿನ ಹೂವಿನ ಋತು ಬರುವವರೆಗೆ ಕಾಯಬೇಕು.

ಇಷ್ಟೆಲ್ಲ ಶ್ರಮದ ಹಾಳೆಗೆ ಇರುವ ಬೆಲೆ ಏನೆಂಬುದು ಸಸ್ಯಗಳಿಗೆ ಹೆಸರಿಡುವ ನಿಯಮದಿಂದ ತಿಳಿಯುತ್ತದೆ. ಹೊಸ ಪ್ರಭೇದವೊಂದಕ್ಕೆ ಹೆಸರು ಕೊಡುವಾಗ ಆ ಹೆಸರು ಯಾವ ನಿರ್ದಿಷ್ಟ ಮಾದರಿಗೆ ಕಟ್ಟುಬಿದ್ದಿದೆ ಎಂದು ಸೂಚಿಸುವುದು 1958ರ ಜನವರಿ 1ರಿಂದ ಕಡ್ಡಾಯವಾಗಿದೆ. ಹಾಗೆ ಹೆಸರಿಗೆ ಆಧಾರವಾದ ಮಾದರಿಯನ್ನು ‘ಟೈಪ್’ ಎನ್ನುತ್ತಾರೆ. ಆ ಹೆಸರು ಸರಿಯೋ ತಪ್ಪೋ, ಎರಡು ಹೆಸರುಗಳು ಒಂದೇ ಗಿಡಕ್ಕೆ ಸೇರಿದವೋ ಎಂಬ ವಿವಾದ ಎದ್ದಾಗಲೆಲ್ಲ ಪಂಡಿತರು ಮರಳಿ ಹೋಗುವುದು ಆ ಒಂದು ಹಾಳೆಗೆ. ಮಾದರಿಯನ್ನು ಉಳಿಸಿಕೊಳ್ಳದೆ ಬರೆದ ಗ್ರಂಥದ ಪಾಡು ಏನಾಗುತ್ತದೆ ಎಂಬುದಕ್ಕೆ ಕರಾವಳಿಯ ಗಿಡಗಳನ್ನೇ ಕುರಿತ ‘ಹೊರ್ಟುಸ್ ಮಲಬಾರಿಕುಸ್’ ಒಳ್ಳೆಯ ನಿದರ್ಶನ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಆ ಗ್ರಂಥಕ್ಕೆ ಒಣಮಾದರಿಗಳ ಬೆಂಬಲವಿಲ್ಲ, ಚಿತ್ರಗಳಷ್ಟೇ ಇವೆ. ಲಿನೇಯಸ್ ಆ ಚಿತ್ರಗಳನ್ನು ನೆಚ್ಚಿ ಹೆಸರುಗಳನ್ನು ಕೊಟ್ಟುದರಿಂದ, ಯಾವ ಚಿತ್ರ ಯಾವ ಗಿಡದ್ದು ಎಂಬ ಗೋಜಲನ್ನು ಬಿಡಿಸಲು ನಿಕೋಲ್ಸನ್, ಸುರೇಶ್ ಹಾಗೂ ಮಣಿಲಾಲ್ ಎಂಬ ಮೂವರು 1988ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಬರೆಯಬೇಕಾಯಿತು. ಹಾಸನದ ಗಿಡಗಳಿಗೆ ಹಾಳೆಗಳ ಸಾಕ್ಷಿ ಒದಗಿಸಿದ ಗ್ರಂಥದಲ್ಲಿ ಭಾಗಿಯಾಗಿದ್ದ ನಿಕೋಲ್ಸನ್ನರೇ ಹಾಳೆಗಳಿಲ್ಲದ ಗ್ರಂಥವನ್ನೂ ಬಿಡಿಸಲು ಕುಳಿತರೆಂಬುದು ಗಮನಿಸತಕ್ಕ ಸಂಗತಿ.

ಚೆನ್ನಾಗಿ ಒಣಗಿದ ಹಾಳೆ ಶತಮಾನಗಳ ಕಾಲ ಬಾಳುತ್ತದೆ, ಆದರೆ ತನ್ನಷ್ಟಕ್ಕೆ ಬಿಟ್ಟರಲ್ಲ. ಉಷ್ಣವಲಯದ ಸಂಗ್ರಹಗಳಿಗೆ ದೊಡ್ಡ ಶತ್ರು ಬೆಂಕಿಯೂ ಅಲ್ಲ, ನೆರೆಯೂ ಅಲ್ಲ, ಎರಡು ಮೂರು ಮಿಲಿಮೀಟರ್ ಉದ್ದದ ದುಂಬಿಗಳು. ‘ಸಿಗರೇಟ್ ದುಂಬಿ’ ಎಂದು ಹೆಸರಾದ ಲೇಸಿಯೋಡರ್ಮಾ, ಔಷಧಿ ಅಂಗಡಿಗಳ ಬೇರುನಾರುಗಳಲ್ಲೂ ಕಾಣಿಸಿಕೊಳ್ಳುವ ಸ್ಟೆಗೋಬಿಯಂ, ಇವುಗಳ ಮರಿಹುಳುಗಳು ಹೂವಿನ ಮೊಗ್ಗು ಮತ್ತು ಬೀಜಗಳನ್ನೇ ಆರಿಸಿ ತಿನ್ನುತ್ತವೆ. ಗುರುತಿಸಲು ಬೇಕಾದ ಭಾಗವೇ ಹೋಗಿ ಎಲೆ ಮಾತ್ರ ಉಳಿದ ಹಾಳೆ ಅರ್ಧ ಸತ್ತಂತೆ. ಹಿಂದಿನವರು ಇದಕ್ಕೆ ಕಂಡುಕೊಂಡ ಪರಿಹಾರ ಪಾದರಸದ ಕ್ಲೋರೈಡನ್ನು ಮದ್ಯಸಾರದಲ್ಲಿ ಕರಗಿಸಿ ಮಾದರಿಯನ್ನು ಅದ್ದುವುದು. ಹುಳು ದೂರವಾದದ್ದು ನಿಜ, ಆದರೆ ಆ ವಿಷ ದಶಕಗಳ ನಂತರವೂ ಹಾಳೆಯಲ್ಲೇ ಉಳಿದು, ಪಾದರಸದ ಆವಿಯಾಗಿ ಕಪಾಟಿನ ಗಾಳಿಗೆ ಸೇರುತ್ತಿರುತ್ತದೆ. ಹಳೆಯ ಸಂಗ್ರಹಗಳಲ್ಲಿ ಕೆಲಸ ಮಾಡುವವರು ಕೈಗವಸು ತೊಡಬೇಕಾದದ್ದು, ಕೋಣೆಗೆ ಗಾಳಿಯಾಡುವಂತೆ ಇಡಬೇಕಾದದ್ದು ಈ ಕಾರಣಕ್ಕೆ. ಇಂದು ಒಪ್ಪಿತವಾದ ವಿಧಾನ ತಣಿಸುವಿಕೆ: ಹೊಸದಾಗಿ ಬಂದ ಅಥವಾ ಎರವಲಿನಿಂದ ಮರಳಿದ ಹಾಳೆಗಳ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮೈನಸ್ 30 ಡಿಗ್ರಿಯಲ್ಲಿ ಸುಮಾರು ಮೂರು ದಿನ, ಮೈನಸ್ 20ರಲ್ಲಾದರೆ ಒಂದು ವಾರ ಅಥವಾ ಅದಕ್ಕೂ ಹೆಚ್ಚು ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದೊಡನೆ ಚೀಲ ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕಟ್ಟುವುದರಿಂದ, ಕೋಣೆಯ ಶಾಖಕ್ಕೆ ಬರುವವರೆಗೆ ಕಾಯಬೇಕೆಂಬ ಸಣ್ಣ ನಿಯಮವನ್ನು ಮರೆತು ಕೆಡಿಸಿಕೊಂಡವರೂ ಇದ್ದಾರೆ. ಉಳಿದಂತೆ ಕೋಣೆಯ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿ, ಗಾಳಿಯ ತೇವಾಂಶ ಶೇಕಡ 50ರ ಸುತ್ತಮುತ್ತ ಇರುವಂತೆ ನೋಡಿಕೊಳ್ಳುವುದು, ಆಮ್ಲರಹಿತ ಕಾಗದ ಬಳಸುವುದು, ಸೆಲೋಟೇಪನ್ನು ಹತ್ತಿರ ಸೇರಿಸದಿರುವುದು, ಇವು ವರ್ಷದುದ್ದಕ್ಕೂ ನಡೆಯಬೇಕಾದ ಗೃಹಕೃತ್ಯಗಳು. ವಿದ್ಯುತ್ ಬಿಲ್ಲಿನ ನೆಪದಲ್ಲಿ ರಜಾದಿನಗಳಲ್ಲಿ ತಂಪುಯಂತ್ರ ಆರಿಸುವ ಕಚೇರಿಗಳಿಗೆ ಇದನ್ನು ಮನಗಾಣಿಸುವುದು ಹುಳು ಕೊಲ್ಲುವುದಕ್ಕಿಂತ ಕಠಿಣ.

ದುಂಬಿಗಿಂತ ದೊಡ್ಡ ಅಪಾಯ ಸಂಸ್ಥೆಯ ಉದಾಸೀನತೆಯಿಂದ ಬರುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ತನ್ನ ಸುಮಾರು 8,25,000 ಮಾದರಿಗಳ ಹರ್ಬೇರಿಯಮನ್ನು ಕೆಲವೇ ವರ್ಷಗಳಲ್ಲಿ ಮುಚ್ಚಿ ಮಾದರಿಗಳನ್ನು ಬೇರೆ ಸಂಸ್ಥೆಗಳಿಗೆ ಸಾಗಿಸುವುದಾಗಿ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದಾಗ ಜಗತ್ತಿನ ಸಸ್ಯಶಾಸ್ತ್ರಜ್ಞರು ಪ್ರತಿಭಟಿಸಿದರು. ಬಡ ಸಂಸ್ಥೆಯೊಂದು ಕೈಚೆಲ್ಲಿದ ಪ್ರಸಂಗ ಇದಲ್ಲ. ಆ ದೇಶದ ಸಿರಿವಂತ ವಿಶ್ವವಿದ್ಯಾಲಯಗಳಲ್ಲೊಂದು ಕಟ್ಟಡಕ್ಕೂ ಸಿಬ್ಬಂದಿಗೂ ತಗಲುವ ವೆಚ್ಚವನ್ನು ಮುಂದೆ ಮಾಡಿದ ಪ್ರಸಂಗ. ಇಂಡಿಯಾದಲ್ಲಿ ಮುಚ್ಚುವ ಘೋಷಣೆಗಳು ಅಪರೂಪ, ಇಲ್ಲಿ ಸಂಗ್ರಹಗಳು ಸದ್ದಿಲ್ಲದೆ ಸೊರಗುತ್ತವೆ: ಒಬ್ಬ ಪ್ರಾಧ್ಯಾಪಕರ ಆಸಕ್ತಿಯಿಂದ ಬೆಳೆದದ್ದು ಅವರ ನಿವೃತ್ತಿಯೊಂದಿಗೆ ಬೀಗ ಕಾಣುತ್ತದೆ, ಬೀಗದ ಕೈ ಯಾರಲ್ಲಿದೆ ಎಂದು ಕೇಳುವವರು ಬರುವಷ್ಟರಲ್ಲಿ ಹುಳುಗಳು ತಮ್ಮ ಪಾಲು ಮುಗಿಸಿರುತ್ತವೆ. ನಾಡಿನ ಹೆಸರಾಂತ ಸಂಗ್ರಹಗಳಲ್ಲಿ ಹಲವು ಸರ್ಕಾರಿ ಇಲಾಖೆಗಿಂತ ಕಾಲೇಜಿನ ಮೇಷ್ಟರ ಹಟದಿಂದ ಹುಟ್ಟಿದವು ಎಂಬುದನ್ನು ನೆನೆದರೆ ಈ ಅಪಾಯದ ಗಾತ್ರ ತಿಳಿಯುತ್ತದೆ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ, ತಿರುಚ್ಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಕೆ. ಎಂ. ಮ್ಯಾಥ್ಯೂ ಕಟ್ಟಿ ಬೆಳೆಸಿದ ರಾಪಿನಾ ಹರ್ಬೇರಿಯಂ, ಬೆಂಗಳೂರಿನಲ್ಲಿ ಸಲ್ಡಾನರ ಸಂಗ್ರಹ, ಮೂರೂ ಜೆಸ್ಯೂಟ್ ಅಧ್ಯಾಪಕರ ಕೈಕೆಲಸ. ಇವುಗಳಲ್ಲಿ ಬೆಂಗಳೂರಿನದು ಸಂಶೋಧನೆಯೇ ಮುಖ್ಯ ಕಸುಬಾದ ಸಂಸ್ಥೆಯ ಮಡಿಲಿಗೆ ಬಂದದ್ದು ಅದೃಷ್ಟ. ಎಲ್ಲ ಕಾಲೇಜುಗಳ ಸಂಗ್ರಹಗಳಿಗೂ ಅಂಥ ಅದೃಷ್ಟ ಒದಗುವುದಿಲ್ಲ.

ಈ ಹಿನ್ನೆಲೆಯಲ್ಲಿ ಡಿಜಿಟಲೀಕರಣವನ್ನು ಹೊಸ ರಕ್ಷಕನೆಂದು ಕರೆಯುವ ವಾಡಿಕೆ ಬಂದಿದೆ. ಕಲ್ಪನೆ ಮಾತ್ರ ಹೊಸದಲ್ಲ. ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನ ಜೆ. ಫ್ರಾನ್ಸಿಸ್ ಮ್ಯಾಕ್‌ಬ್ರೈಡ್ 1929ರಿಂದ ಹಲವು ವರ್ಷ ಯೂರೋಪಿನ ಹರ್ಬೇರಿಯಂಗಳಲ್ಲಿ ಕುಳಿತು, ದಕ್ಷಿಣ ಅಮೆರಿಕದ ಸಸ್ಯಗಳ ಟೈಪ್ ಮಾದರಿಗಳನ್ನು ಫೋಟೋ ತೆಗೆಯುತ್ತ ಸುಮಾರು 40,000 ನೆಗೆಟಿವ್‌ಗಳನ್ನು ಕೂಡಿಹಾಕಿದರು. ಅದರ ಉದ್ದೇಶ ಅಮೆರಿಕದ ವಿದ್ವಾಂಸರಿಗೆ ಪ್ರಯಾಣದ ಖರ್ಚು ಉಳಿಸುವುದಷ್ಟೇ ಆಗಿತ್ತು. 1943ರ ಮಾರ್ಚ್ ಮೊದಲ ದಿನದ ರಾತ್ರಿ ಬಾಂಬ್ ದಾಳಿಗೆ ಸಿಕ್ಕಿ ಬರ್ಲಿನ್‌ನ ಹರ್ಬೇರಿಯಂನ ಬಹುಪಾಲು ಸುಟ್ಟುಹೋದ ಮೇಲೆ, ಎಷ್ಟೋ ಪ್ರಭೇದಗಳ ಟೈಪ್ ಹಾಳೆ ಹೇಗಿತ್ತೆಂದು ತಿಳಿಯಲು ಉಳಿದದ್ದು ಆ ಕಪ್ಪುಬಿಳುಪು ಚಿತ್ರಗಳು ಮಾತ್ರ. ಡಿಜಿಟಲೀಕರಣದ ಪರ ವಾದಿಸುವವರೂ ಅದರ ಮಿತಿಯನ್ನು ತೋರಿಸುವವರೂ ಈ ಒಂದೇ ಉದಾಹರಣೆಯನ್ನು ಕೊಡುವುದರಲ್ಲಿ ಅರ್ಥವಿದೆ. ಚಿತ್ರ ಉಳಿದದ್ದರಿಂದ ಹೆಸರು ಉಳಿಯಿತು, ಆದರೆ ಎಲೆಯ ಹಿಂಬದಿಯ ರೋಮವನ್ನೋ ಹೂವಿನ ಒಳಗಿನ ಕೇಸರವನ್ನೋ ಆ ಚಿತ್ರದಲ್ಲಿ ಯಾರೂ ನೋಡಲಾರರು.

ಇಂದಿನ ವಿಧಾನದಲ್ಲಿ ಪ್ರತಿ ಹಾಳೆಗೂ ಮೊದಲು ಬಾರ್‌ಕೋಡ್ ಅಂಟಿಸುತ್ತಾರೆ; ಆ ಸಂಖ್ಯೆಯೇ ಚಿತ್ರದ ಕಡತಕ್ಕೂ ದತ್ತಾಂಶದ ಸಾಲಿಗೂ ಹೆಸರಾಗುತ್ತದೆ. ಹಾಳೆಯ ಬದಿಯಲ್ಲಿ ಬಣ್ಣದ ಪಟ್ಟಿಯನ್ನೂ ಅಳತೆಪಟ್ಟಿಯನ್ನೂ ಇಟ್ಟು, ಮೇಲೆ ಕಂಬಕ್ಕೆ ಬಿಗಿದ ಕ್ಯಾಮೆರಾದಿಂದ, ಎರಡೂ ಬದಿಯಿಂದ ಸಮನಾದ ಬೆಳಕು ಬೀಳುವಂತೆ ಚಿತ್ರ ತೆಗೆಯುತ್ತಾರೆ. ಒಣಗಿದ ಗಿಡವನ್ನು ಮಾಮೂಲಿ ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದರೆ ಪುಡಿಯಾಗುವುದರಿಂದ, ಲಂಡನ್ನಿನ ಕ್ಯೂ ಉದ್ಯಾನದವರು ಸ್ಕ್ಯಾನರನ್ನೇ ತಲೆಕೆಳಗು ಮಾಡಿ, ಅಂಗಾತ ಮಲಗಿದ ಹಾಳೆಯನ್ನು ಕೆಳಗಿನಿಂದ ಅದರತ್ತ ಎತ್ತುವ ಉಪಕರಣ ಮಾಡಿಕೊಂಡಿದ್ದರು. ಈಚೆಗೆ ಪ್ಯಾರಿಸ್, ನೆದರ್ಲೆಂಡ್ಸಿನ ಲೈಡನ್, ವಾಷಿಂಗ್ಟನ್‌ಗಳಂಥ ದೊಡ್ಡ ಸಂಗ್ರಹಗಳಲ್ಲಿ ಹಾಳೆಗಳು ಕಾರ್ಖಾನೆಯ ಸರಕಿನಂತೆ ಚಲಿಸುವ ಪಟ್ಟಿಯ ಮೇಲೆ ಸಾಗುತ್ತ ಕ್ಯಾಮೆರಾದ ಕೆಳಗೆ ಹಾದುಹೋಗಿವೆ. ಕ್ಯೂ ತನ್ನ 70 ಲಕ್ಷಕ್ಕೂ ಹೆಚ್ಚು ಮಾದರಿಗಳ ಡಿಜಿಟಲೀಕರಣವನ್ನು ಸರ್ಕಾರದ ಧನಸಹಾಯದಿಂದ ಕೈಗೊಂಡಿತು. ಭಾರತೀಯ ಸಸ್ಯಸರ್ವೇಕ್ಷಣಾ ಇಲಾಖೆ 2022ರ ಜುಲೈ 1ರಂದು ‘ಇಂಡಿಯನ್ ವರ್ಚುವಲ್ ಹರ್ಬೇರಿಯಂ’ ಎಂಬ ತಾಣವನ್ನು ತೆರೆದಾಗ ಅದರಲ್ಲಿ ಸುಮಾರು ಒಂದು ಲಕ್ಷ ಮಾದರಿಗಳಿದ್ದವು. ಹಾವ್ಡಾದ ಶಿಬಪುರದಲ್ಲಿರುವ ಅದರ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂ ಒಂದರಲ್ಲೇ ಸುಮಾರು 20 ಲಕ್ಷ ಮಾದರಿಗಳಿವೆ ಎಂಬುದರೊಡನೆ ಹೋಲಿಸಿದರೆ ಉಳಿದಿರುವ ದಾರಿಯ ಉದ್ದ ಕಾಣುತ್ತದೆ.

ಆದರೆ ಚಿತ್ರ ತೆಗೆಯುವುದು ಈ ಕೆಲಸದ ಸುಲಭ ಭಾಗ. ನಿಜವಾದ ಬೆವರು ಹರಿಯುವುದು ಚೀಟಿ ಓದುವಲ್ಲಿ. ಹೆಸರು, ಸಂಗ್ರಾಹಕರು, ಸಂಖ್ಯೆ, ದಿನಾಂಕ, ಸ್ಥಳ, ಎತ್ತರ, ಪರಿಸರ ಎಂಬ ಬಿಡಿ ಕಲಮುಗಳಿಗೆ ಚೀಟಿಯ ಬರಹವನ್ನು ಒಡೆದು ತುಂಬದಿದ್ದರೆ, ಕಂಪ್ಯೂಟರಿನ ಕಣ್ಣಿಗೆ ಅದು ಹುಡುಕಲಾಗದ ಬಣ್ಣದ ಚುಕ್ಕೆಗಳ ರಾಶಿ. ಈ ಕಲಮುಗಳ ಹೆಸರನ್ನೂ ಅರ್ಥವನ್ನೂ ಜಗತ್ತಿನಾದ್ಯಂತ ಒಂದೇ ರೀತಿ ಇಡಲು ‘ಡಾರ್ವಿನ್ ಕೋರ್’ ಎಂಬ ಮಾನದಂಡ 2009ರಲ್ಲಿ ಅಂಗೀಕೃತವಾಯಿತು. ಅಚ್ಚಿನ ಚೀಟಿಯನ್ನು ಯಂತ್ರ ಓದುತ್ತದೆ, ನೂರು ವರ್ಷ ಹಿಂದಿನ ಸೀಸದಕಡ್ಡಿಯ ಬರಹದಲ್ಲಿ ತಡವರಿಸುತ್ತದೆ. ಪ್ಯಾರಿಸ್ಸಿನ ಸಂಗ್ರಹದ ಚೀಟಿಗಳನ್ನು ಓದಲು ಸಾಮಾನ್ಯ ಜನರನ್ನೇ ಕೂಡಿಸಿಕೊಂಡ ಏರ್ಪಾಡು 2012ರಿಂದ ನಡೆದಿದೆ. ಕನ್ನಡನಾಡಿನ ಊರುಹೆಸರು ಬಲ್ಲ ನಿವೃತ್ತ ಅರಣ್ಯಾಧಿಕಾರಿಗಳು, ಶಿಕ್ಷಕರು ಇಂಥ ಕೆಲಸಕ್ಕೆ ಇಲ್ಲಿಯೂ ಒದಗಿಬರಬಲ್ಲರು.

ಊರುಹೆಸರು ಬಲ್ಲವರು ಯಾಕೆ ಬೇಕೆಂಬುದು ಕರ್ನಾಟಕದ ಹಳೆಯ ಮಾದರಿಗಳನ್ನು ನೋಡಿದವರಿಗೆ ಗೊತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೂಕರ್ ಮತ್ತು ಥಾಮ್ಸನ್ ಹಂಚಿದ ಹಾಳೆಗಳ ಅಚ್ಚು ಚೀಟಿಯಲ್ಲಿ ‘ಮೈಸೂರ್ ಅಂಡ್ ಕರ್ನಾಟಿಕ್’ ಎಂದಷ್ಟೇ ಇರುತ್ತದೆ. ಆ ಎರಡು ಪದಗಳಲ್ಲಿ ಮಲೆನಾಡಿನಿಂದ ಕೋರಮಂಡಲದ ಬಯಲಿನವರೆಗಿನ ನೆಲವೆಲ್ಲ ಅಡಗಿದೆ. ‘ಕೆನರಾ’ ಎಂದಿದ್ದರೆ ಅದು ಯಾವ ಕಾಲದ ಕೆನರಾ ಎಂದು ಕೇಳಬೇಕು, ಏಕೆಂದರೆ ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು, ಎರಡೂ ಮತ್ತೆ ಕೂಡಿದ್ದು 1956ರಲ್ಲಿ. 1973ಕ್ಕೆ ಮುಂಚಿನ ಚೀಟಿಗಳಲ್ಲಿ ರಾಜ್ಯದ ಹೆಸರೇ ಬೇರೆ. ಇಂಥ ಬರಹದಿಂದ ಅಕ್ಷಾಂಶ ರೇಖಾಂಶಗಳನ್ನು ಊಹಿಸಿ ನಕ್ಷೆಯ ಮೇಲೆ ಬಿಂದು ಇಡುವುದನ್ನು ಭೂನಿರ್ದೇಶನ ಎನ್ನುತ್ತಾರೆ. ಪ್ರಾಮಾಣಿಕ ಭೂನಿರ್ದೇಶನವು ಬಿಂದುವಿನ ಜೊತೆಗೆ ‘ಇಷ್ಟು ಕಿಲೋಮೀಟರ್ ಆಚೀಚೆ ಇರಬಹುದು’ ಎಂಬ ತ್ರಿಜ್ಯವನ್ನೂ ದಾಖಲಿಸಬೇಕು. ಅದನ್ನು ಬಿಟ್ಟು ಜಿಲ್ಲೆಯ ನಡುಮಧ್ಯಕ್ಕೆ ಬಿಂದು ಚುಚ್ಚಿದರೆ, ಘಟ್ಟದ ನೆರಳಿನ ಗಿಡ ಅರಸೀಕೆರೆಯ ಬಯಲಿನಲ್ಲಿ ಬೆಳೆದಂತೆ ತೋರಿ, ಮುಂದಿನ ಹವಾಮಾನ ಲೆಕ್ಕಾಚಾರಗಳೆಲ್ಲ ಹದಗೆಡುತ್ತವೆ. ಈ ದೃಷ್ಟಿಯಿಂದ ಸಲ್ಡಾನರ ತಲೆಮಾರಿನವರು ಊರು, ಘಟ್ಟ, ದಿನಾಂಕಗಳೊಡನೆ ಕೂಡಿಸಿಟ್ಟ ಹಾಳೆಗಳು ಬಂಗಾರದ ತೂಕದವು. ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಹಾಸನದ ಗ್ರಂಥ ಅದಕ್ಕೂ ಮೂರು ವರ್ಷ ಮೊದಲಿನದು. ಆ ಜಲಾಶಯ ಹರಡಿಕೊಳ್ಳುವ ಮುನ್ನ ಜಿಲ್ಲೆಯ ನದೀತೀರಗಳಲ್ಲಿ ಏನಿತ್ತು ಎಂಬ ಪ್ರಶ್ನೆಗೆ ದಿನಾಂಕ ಸಹಿತ ಉತ್ತರ ಕೊಡಬಲ್ಲ ಸಾಕ್ಷಿಗಳು ಬೇರೆ ಹೆಚ್ಚಿಲ್ಲ.

ಜೆಸಿಬಿ ಸಂಗ್ರಹವನ್ನು ಅಂತರಜಾಲಕ್ಕೆ ತರುವ ಕೆಲಸವನ್ನು ಮುನ್ನಡೆಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಕೆ. ಶಂಕರ ರಾವ್. ಮೊದಲು ಕರ್ನಾಟಕಕ್ಕೆ ಸೀಮಿತವಾಗಿದ್ದ ಡಿಜಿಟಲ್ ಸಸ್ಯಕೋಶ ಮುಂದೆ ದಕ್ಷಿಣ ಭಾರತದ ಪರ್ಯಾಯದ್ವೀಪವನ್ನೆಲ್ಲ ಒಳಗೊಂಡ ‘ಫ್ಲೋರಾ ಆಫ್ ಪೆನಿನ್ಸುಲರ್ ಇಂಡಿಯಾ’ ಆಯಿತು. ಒಣಹಾಳೆಯ ಚಿತ್ರದ ಬದಿಯಲ್ಲೇ ಜೀವಂತ ಗಿಡದ ಬಣ್ಣದ ಚಿತ್ರಗಳನ್ನು ಇಟ್ಟದ್ದು ಅದರ ಜಾಣತನ. ಒಣಗಿದ ಮೇಲೆ ಬಹುತೇಕ ಹೂಗಳು ಕಂದುಬಣ್ಣಕ್ಕೆ ತಿರುಗುವುದರಿಂದ, ಹಾಳೆ ಮಾತ್ರ ನೋಡಿದ ವಿದ್ಯಾರ್ಥಿ ಕಾಡಿನಲ್ಲಿ ಅದೇ ಗಿಡದ ಎದುರು ನಿಂತರೂ ಗುರುತು ಹಿಡಿಯಲಾರ. ಕರ್ನಾಟಕದ ಗಿಡಗಳ ಹಾಳೆಗಳು ಚದುರಿರುವ ಬಗೆಯನ್ನು ನೋಡಿದರೂ ಇಂಥ ತಾಣದ ಅಗತ್ಯ ತಿಳಿಯುತ್ತದೆ. ಉತ್ತರ ಕನ್ನಡದಲ್ಲಿ ಬೆಲ್ ಮತ್ತು ಸೆಡ್ಜ್‌ವಿಕ್ ಕೂಡಿಸಿದ ಮಾದರಿಗಳು ಮುಂಬಯಿಯ ಬ್ಲಾಟರ್ ಹರ್ಬೇರಿಯಂನಲ್ಲಿವೆ, ಮದರಾಸು ಪ್ರಾಂತದ ಕಾಲದ ಸಂಗ್ರಹಗಳು ಕೊಯಮತ್ತೂರಿನಲ್ಲಿವೆ, ಅವಕ್ಕೂ ಹಿಂದಿನವು ಕ್ಯೂ ಮತ್ತು ಎಡಿನ್‌ಬರೋದಲ್ಲಿವೆ. ಶಿರಸಿಯ ಗಿಡವೊಂದನ್ನು ತಿಳಿಯಲು ಶಿರಸಿಯ ವಿದ್ಯಾರ್ಥಿನಿ ಸ್ಕಾಟ್ಲೆಂಡಿಗೆ ಹೋಗಬೇಕಿದ್ದ ಸ್ಥಿತಿಯನ್ನು ಪರದೆ ಬದಲಿಸಿದೆ ಎಂಬುದನ್ನು ಅತಿ ಸಂದೇಹಿಗಳೂ ಒಪ್ಪಬೇಕು.

ಸಂದೇಹ ಬೇಕಾದದ್ದು ಬೇರೆಡೆ. ಉಷ್ಣವಲಯದ ಸಸ್ಯಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತಪ್ಪು ಹೆಸರು ಹೊತ್ತಿರಬಹುದೆಂದು 2015ರಲ್ಲಿ ಆಕ್ಸ್‌ಫರ್ಡ್ ಹಾಗೂ ಎಡಿನ್‌ಬರೋದ ಸಂಶೋಧಕರು ಆಫ್ರಿಕದ ಶುಂಠಿ ಜಾತಿಯ ಕುಲವೊಂದನ್ನೂ ಇತರ ಗುಂಪುಗಳನ್ನೂ ಪರಿಶೀಲಿಸಿ ತೋರಿಸಿದರು. ತಜ್ಞರು ಹಾಳೆ ನೋಡಿ ಹೆಸರು ನಿಶ್ಚಯಿಸುವ ಮೊದಲೇ ಅದನ್ನು ಜಾಲಕ್ಕೆ ಏರಿಸಿದರೆ ತಪ್ಪು ಕಪಾಟಿನಲ್ಲಿ ಉಳಿಯದೆ ಜಗತ್ತಿಗೆಲ್ಲ ಹರಡುತ್ತದೆ, ಆ ಚಿತ್ರಗಳಿಂದ ಕಲಿಯುವ ಯಂತ್ರಗಳೂ ಅದೇ ತಪ್ಪನ್ನು ಕಲಿಯುತ್ತವೆ. ಇನ್ನೊಂದೆಡೆ, ಹೂಬಿಡುವ ಸಸ್ಯಗಳ ಹೊಸ ಪ್ರಭೇದಗಳಲ್ಲಿ ಶೇಕಡ 16ರಷ್ಟು ಮಾತ್ರ ಸಂಗ್ರಹಿಸಿದ ಐದು ವರ್ಷಗಳೊಳಗೆ ವರ್ಣನೆ ಪಡೆದಿವೆ, ಇನ್ನೂ ಹೆಸರಿಲ್ಲದವುಗಳಲ್ಲಿ ಅರ್ಧಕ್ಕೂ ಹೆಚ್ಚು ಈಗಾಗಲೇ ಕಪಾಟುಗಳಲ್ಲೇ ಇರಬಹುದು ಎಂದು 2010ರ ಅಧ್ಯಯನವೊಂದು ಹೇಳಿದೆ. ಎರಡೂ ಸಂಗತಿಗಳು ಬೊಟ್ಟುಮಾಡುವುದು ಒಂದೇ ಕೊರತೆಯನ್ನು: ಹಾಳೆಯನ್ನು ನೋಡಬಲ್ಲ ಕಣ್ಣುಗಳ ಕೊರತೆ. ಸಸ್ಯವರ್ಗೀಕರಣವನ್ನು ಹಳೆಯ ಕಾಲದ ವಿದ್ಯೆಯೆಂದು ಪಠ್ಯದಿಂದ ಕಳಚುತ್ತ ಬಂದ ವಿಶ್ವವಿದ್ಯಾಲಯಗಳು ಕ್ಯಾಮೆರಾ ಕೊಂಡ ಮಾತ್ರಕ್ಕೆ ಈ ಕೊರತೆ ತುಂಬದು.

ಚಿತ್ರ ಬಂದ ಮೇಲೆ ಹಾಳೆ ಏಕೆ ಎಂದು ಕೇಳುವ ಆಡಳಿತಗಾರರಿಗೆ ಒಂದು ಮಾತು ಹೇಳಬಹುದು: ಪಹಣಿ ಕೈಯಲ್ಲಿದೆ ಎಂದು ಹೊಲವನ್ನು ಬಿಟ್ಟುಕೊಡುವವರಿಲ್ಲ. ಕೇಂಬ್ರಿಜ್‌ನ ಇಯಾನ್ ವುಡ್‌ವರ್ಡ್ 1987ರಲ್ಲಿ ಹಿಂದಿನ 200 ವರ್ಷಗಳ ಹರ್ಬೇರಿಯಂ ಎಲೆಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಎಂಟು ಜಾತಿಯ ಮರಗಳಲ್ಲಿ ಎಲೆಯ ಉಸಿರುರಂಧ್ರಗಳ ಸಾಂದ್ರತೆ ಶೇಕಡ 40ರಷ್ಟು ಇಳಿದಿರುವುದನ್ನು ಕಂಡು, ಅದನ್ನು ವಾತಾವರಣದಲ್ಲಿ ಏರಿದ ಇಂಗಾಲದ ಡೈಆಕ್ಸೈಡಿನೊಡನೆ ತಳುಕುಹಾಕಿದರು. ಐರ್ಲೆಂಡಿನಲ್ಲಿ 1840ರ ದಶಕದ ಭೀಕರ ಕ್ಷಾಮಕ್ಕೆ ಕಾರಣವಾದ ಆಲೂಗಡ್ಡೆಯ ಅಂಗಮಾರಿ ರೋಗಾಣುವಿನ ನಿಖರ ತಳಿಯನ್ನು 2013ರಲ್ಲಿ ಪತ್ತೆಹಚ್ಚಿದ್ದು, ಆ ಕಾಲದ ರೋಗಪೀಡಿತ ಎಲೆಗಳ ಒಣಹಾಳೆಗಳಿಂದ ತೆಗೆದ ಡಿಎನ್‌ಎಯಿಂದ. ಮೂಲದಲ್ಲಿ ಆ ಎಲೆಗಳನ್ನು ಒತ್ತಿಟ್ಟವರಿಗೆ ಡಿಎನ್‌ಎ ಎಂಬುದಿದೆಯೆಂಬ ಕಲ್ಪನೆಯೂ ಇರಲಿಲ್ಲ. ನಾಳಿನ ಪ್ರಶ್ನೆ ಯಾವುದೆಂದು ತಿಳಿಯದಿರುವಾಗ ಇಂದಿನ ಕ್ಯಾಮೆರಾ ಕಂಡಷ್ಟನ್ನೇ ಸಾಕೆನ್ನುವುದು ಅವಿವೇಕ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದರಲ್ಲಿ ತೊಡಕೂ ಇದೆ. ಮರದರಿಶಿನದಂಥ ಔಷಧೀಯ ಬಳ್ಳಿ, ಅಪರೂಪದ ಸೀತಾಳೆ, ಶ್ರೀಗಂಧ, ಇವುಗಳ ನೆಲೆಯನ್ನು ಮೀಟರಿನ ಲೆಕ್ಕದಲ್ಲಿ ಜಾಲದಲ್ಲಿ ತೋರಿಸಿದರೆ ಕಳ್ಳರಿಗೆ ದಾರಿ ತೋರಿಸಿದಂತೆ. ಆದ್ದರಿಂದ ಅಂಥ ಪ್ರಭೇದಗಳ ಸ್ಥಳವನ್ನು ಸಾರ್ವಜನಿಕ ತಾಣದಲ್ಲಿ ತಾಲ್ಲೂಕಿನ ಮಟ್ಟಕ್ಕೆ ಮಸುಕುಗೊಳಿಸಿ, ಪೂರ್ಣ ವಿವರವನ್ನು ಸಂಶೋಧಕರ ಕೋರಿಕೆಯ ಮೇರೆಗೆ ಮಾತ್ರ ಕೊಡುವುದು ಸರಿಯಾದ ನಡೆ. ಸ್ಥಳೀಯ ಹೆಸರುಗಳ ಕಲಮನ್ನಾದರೋ ಮಸುಕಿಲ್ಲದೆ, ಕನ್ನಡ ಲಿಪಿಯಲ್ಲೇ, ಯಾವ ಸೀಮೆಯಲ್ಲಿ ಹಾಗೆ ಕರೆಯುತ್ತಾರೆಂಬ ಟಿಪ್ಪಣಿಯೊಡನೆ ತುಂಬಬೇಕು. ಇಂಗ್ಲಿಷ್ ಕಾಗುಣಿತದಲ್ಲಿ ಬರೆದ ಗಿಡದ ಹೆಸರುಗಳಲ್ಲಿ ಳಕಾರವೂ ದೀರ್ಘವೂ ಕಳೆದುಹೋಗಿ, ಊರಿನವರಿಗೇ ತಮ್ಮ ಗಿಡ ಗುರುತು ಸಿಗದಂತಾಗಿದೆ.

ಕಡತಗಳೂ ಹಾಳೆಗಳಂತೆ ಹಾಳಾಗುತ್ತವೆ. ಯೋಜನೆಯ ಹಣ ಮುಗಿದ ಮೇಲೆ ನವೀಕರಣ ಕಾಣದೆ ತೆರೆದುಕೊಳ್ಳದಾದ ತಾಣಗಳು, ಒಬ್ಬರ ಮೇಜಿನ ಹಾರ್ಡ್‌ಡಿಸ್ಕಿನಲ್ಲಿ ಕೆಟ್ಟುಹೋದ ದತ್ತಾಂಶ, ಯಾವ ವಿಶ್ವವಿದ್ಯಾಲಯಕ್ಕೂ ಅಪರಿಚಿತವಲ್ಲ. ಸಂಕುಚಿಸದ ಮೂಲಚಿತ್ರಗಳನ್ನು ಬೇರೆಬೇರೆ ಊರುಗಳಲ್ಲಿ ಕನಿಷ್ಠ ಮೂರು ಪ್ರತಿಗಳಾಗಿ ಇಡುವುದು, ದತ್ತಾಂಶವನ್ನು 2001ರಲ್ಲಿ ಸ್ಥಾಪನೆಯಾದ ಜಾಗತಿಕ ಜೀವವೈವಿಧ್ಯ ಮಾಹಿತಿಜಾಲ ಜಿಬಿಐಎಫ್‌ನಂಥ ಕಡೆಗೂ ಕೊಟ್ಟಿಡುವುದು ಈಗ ಎಲ್ಲೆಡೆ ಒಪ್ಪಿದ ಎಚ್ಚರಿಕೆ. ಆದರೆ ತಾಣ ಚೆನ್ನಾಗಿ ನಡೆದರೆ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಲಂಡನ್ನಿನಲ್ಲೋ ಕೊಯಮತ್ತೂರಿನಲ್ಲೋ ಕುಳಿತ ತಜ್ಞರು ಪರದೆಯ ಮೇಲೆ ಹಾಳೆ ನೋಡಿ ಹೆಸರು ತಪ್ಪಾಗಿದೆ ಎಂದು ಬರೆದಾಗ, ಬೆಂಗಳೂರಿನಲ್ಲಿ ಯಾರಾದರೂ ಕಪಾಟು ತೆರೆದು, ಭೂತಗನ್ನಡಿ ಹಿಡಿದು ಹೂವಿನ ಭಾಗವನ್ನು ಪರೀಕ್ಷಿಸಿ, ಹಳೆಯ ಚೀಟಿಯನ್ನು ಕೀಳದೆ ಅದರ ಪಕ್ಕದಲ್ಲಿ ಹೊಸ ಹೆಸರು, ದಿನಾಂಕ, ನಿರ್ಣಯಿಸಿದವರ ಹೆಸರುಳ್ಳ ಚೀಟಿ ಅಂಟಿಸಿ, ಹಾಳೆಯನ್ನು ಹೊಸ ಪ್ರಭೇದದ ಕಡತಕ್ಕೆ ಸರಿಸಿ, ದತ್ತಾಂಶದ ಸಾಲನ್ನು ತಿದ್ದಿ, ಚಿತ್ರವನ್ನು ಮತ್ತೆ ತೆಗೆಯಬೇಕು. ಈ ಕೆಲಸಕ್ಕೆ ಮೂರು ವರ್ಷದ ಯೋಜನಾ ಸಹಾಯಕರು ಸಾಲರು. ಕ್ಯುರೇಟರ್ ಒಬ್ಬರೂ ತಂತ್ರಜ್ಞರಿಬ್ಬರೂ ಗ್ರಂಥಪಾಲಕರ ಹುದ್ದೆಯಂತೆ ವಿಶ್ವವಿದ್ಯಾಲಯದ ಕಾಯಂ ವೇತನಪಟ್ಟಿಯಲ್ಲಿರಬೇಕು, ಮತ್ತು ಡಿಜಿಟಲೀಕರಣಕ್ಕೆ ಹಣ ಕೊಡುವ ಸಂಸ್ಥೆಗಳು ಕ್ಯಾಮೆರಾದ ಬೆಲೆಯನ್ನು ಕೇಳುವ ಮೊದಲು ಆ ಹುದ್ದೆಗಳು ಭರ್ತಿಯಾಗಿವೆಯೇ ಎಂದು ಕೇಳಬೇಕು.